‘ನಮ್ಮ ಮಂದಿ’ ಅಂದರೆ ಯಾರು?

2025ರ ದಸರೆಯ ದಿನಗಳು. ಹೋಳಿಗೆಗೆಂದು ಕಡಲೆಬೇಳೆ ಕುದಿಯಲು ಇಟ್ಟಿದ್ದೆ. ಬಾಗಿಲಲ್ಲಿ “ಅಕ್ಕಾರ, ಸರ್ವೇಕ ಬಂದೀವ್ರಿ” ಎಂದು ದನಿ ಕೇಳಿತು. ನೋಡಿದರೆ ನಮ್ಮ ಓಣಿಯ ಶಾಲೆಯ ಟೀಚರು. ಕೈಯಲ್ಲಿ ಮೊಬೈಲು, ಹೆಗಲಿಗೆ ಚೀಲ, ಮುಖದ ತುಂಬ ಬಿಸಿಲು. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಸೆಪ್ಟೆಂಬರ್ 22ರಿಂದ ನಡೆದಿತ್ತಲ್ಲ, ಹಬ್ಬದ ದಿನಗಳಲ್ಲೂ ಪಾಪ ಆ ಹೆಣ್ಣುಮಗಳಿಗೆ ಮನೆಮನೆ ತಿರುಗುವ ಕೆಲಸ. ಒಟ್ಟು 60 ಪ್ರಶ್ನೆಗಳಂತೆ. ಕೂಡ್ರಿಸಿ ಚಾ ಕೊಟ್ಟೆ.

ಯಾರು ಎಷ್ಟು ಓದಿದ್ದಾರೆ, ಹೊಲ ಎಷ್ಟಿದೆ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದಕ್ಕೆಲ್ಲ ಪಟಪಟನೆ ಉತ್ತರ ಹೇಳಿದೆ. ಧರ್ಮ, ಜಾತಿ, ಉಪಜಾತಿ ಎಂಬಲ್ಲಿಗೆ ಬಂದಾಗ ಮಾತ್ರ ಮನೆಯಲ್ಲಿ ಒಂದೇ ಸಲಕ್ಕೆ ಮೂರು ಬಾಯಿ ತೆರೆದವು. ನಮ್ಮ ಮನೆಯವರು ವಾಟ್ಸಾಪಿನಲ್ಲಿ ಬಂದದ್ದನ್ನು ಓದಿ ‘ಹೀಗೆ ಬರೆಸು’ ಅಂದರು. ಫೋನಿನಲ್ಲಿ ಭಾವನವರು ‘ಹಾಗಲ್ಲ, ಹೀಗೆ’ ಅಂದರು. ಆಗ ಸಮಾಜದ ಮುಖಂಡರಲ್ಲೇ ಒಮ್ಮತವಿರಲಿಲ್ಲ. ಧರ್ಮದ ಕಾಲಂನಲ್ಲಿ ‘ಹಿಂದೂ’ ಎಂದು ಬರೆಸಿರಿ ಅಂದವರಿದ್ದರು, ‘ಲಿಂಗಾಯತ’ ಅಂದವರಿದ್ದರು, ‘ವೀರಶೈವ–ಲಿಂಗಾಯತ’ ಅಂದವರೂ ಇದ್ದರು. ನಮ್ಮ ಅತ್ತೆ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ, “ಲಿಂಗಾಯತರು ಅಂತ ಬರಕೋ ಯವ್ವಾ. ಅದರ ಕೆಳಗಿನವೆಲ್ಲ ನನಗ್ಯಾಕ?” ಅಂದುಬಿಟ್ಟರು. ಟೀಚರು ನಕ್ಕು, “ಎಲ್ಲಾರ ಮನ್ಯಾಗೂ ಇದೇ ನಡದೈತ್ರಿ ಅಕ್ಕಾರ” ಅಂದರು. ಅಷ್ಟರಲ್ಲಿ ಬೇಳೆ ಉಕ್ಕಿ ಒಲೆಯೆಲ್ಲ ರಾಡಿ.

ಸುತ್ತಿ ಬಳಸಿ ಬಂದ ಆ ಸಂದೇಶಗಳೆಲ್ಲ ಕೊನೆಗೆ ಹೇಳುತ್ತಿದ್ದದ್ದು ಒಂದೇ: ನಮ್ಮ ಮಂದಿ ಎಷ್ಟಿದ್ದಾರೆ ಅನ್ನುವುದು ಗೊತ್ತಾಗಬೇಕು. ಬೇಳೆ ಬಸಿಯುತ್ತ ಅದನ್ನೇ ಯೋಚಿಸಿದೆ. ಜಾತಿ, ಸಮಾಜ, ಪಂಗಡ ಅಂತ ಗುಂಪು ಕಟ್ಟಿ ಓಟಿನ ಬಲ ತೋರಿಸುವುದು ಒಳ್ಳೆಯದೋ, ಕೆಟ್ಟದ್ದೋ? ‘ನಮ್ಮ ಮಂದಿ’ ಅನ್ನುವುದರಲ್ಲಿ ನಾನು ಎಲ್ಲಿದ್ದೇನೆ?

ರಾಜಕೀಯ ಈ ಪತ್ರಿಕೆಗೂ ಬಂತೇ ಅಂತ ಪುಟ ಮಗುಚಬೇಡಿ, ಸೋದರಿಯರೇ. ಉಪ್ಪಿನಕಾಯಿಯ ಪುಟ ಎಲ್ಲೂ ಓಡಿಹೋಗುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ಒಂದು ನನ್ನ ತವರು, ಒಂದು ಗಂಡನ ಮನೆ, ಒಂದರಲ್ಲಿ ಅಕ್ಕ ಇದ್ದಾಳೆ, ಇನ್ನೊಂದಕ್ಕೆ ನಾದಿನಿಯನ್ನು ಕೊಟ್ಟಿದ್ದೇವೆ. ಯಾವುದು ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನದನ್ನು ಬರೆಯುವುದು ಕಷ್ಟ. ವರ್ಷಕ್ಕೆ ಹತ್ತಾರು ಸಲ ಈ ಊರುಗಳ ನಡುವೆ ಬಸ್ಸು ಹತ್ತುತ್ತೇನೆ. ಕುಬಸಕ್ಕೆ, ತೊಟ್ಟಿಲಿಗೆ, ಮದುವೆಗೆ, ಮಣ್ಣಿಗೆ. 2023ರ ಜೂನ್‌ನಿಂದ ಟಿಕೆಟ್ಟಿನ ಚಿಂತೆಯೂ ಇಲ್ಲ. ಯಾರಿಗೆ ಎಷ್ಟರ ಸೀರೆ, ಯಾರ ಮನೆಯಲ್ಲಿ ಯಾರ ಮೇಲೆ ಸಿಟ್ಟು, ಯಾವ ಹುಡುಗಿಗೆ ಯಾವ ಹುಡುಗ ಅನ್ನುವುದೆಲ್ಲ ನಮ್ಮ ತಲೆಯಲ್ಲಿರುತ್ತದೆ. ಗಂಡಸರಿಗೆ ಇದರ ಅರ್ಧವೂ ಗೊತ್ತಿರುವುದಿಲ್ಲ.

ಚುನಾವಣೆ ಬಂದಾಗ ಓಟಿನ ಮಾತು ಬರುವುದು ಇದೇ ದಾರಿಯಲ್ಲಿ. ಪಕ್ಷದ ಭಾಷಣ ಕೇಳಿ ನಮ್ಮ ಮನೆಯಲ್ಲಿ ಯಾರೂ ಮನಸ್ಸು ಬದಲಿಸಿದ್ದನ್ನು ನಾನು ನೋಡಿಲ್ಲ. ಬೀಗರು ಬಂದು ಚಾ ಕುಡಿದು “ಈ ಸಲ ನಮ್ಮವರಿಗೇ ಹಾಕೂನು” ಅಂದರೆ ಮುಗಿಯಿತು. ಇಲ್ಲ ಅನ್ನುವುದು ಹೇಗೆ? ನಾಳೆ ನಮ್ಮ ಮಗಳಿಗೆ ಗಂಡು ನೋಡುವವರೂ ಅವರೇ, ಮನೆಯಲ್ಲಿ ಯಾರಾದರೂ ಸತ್ತರೆ ಹೆಗಲು ಕೊಡುವವರೂ ಅವರೇ. ಸಮಾಜದ ಗುಂಪಿಗೆ ಇಷ್ಟು ಬಲ ಬಂದದ್ದು ಈ ನಂಟಿನಿಂದ. ಆ ನಂಟನ್ನು ಸೀರೆ, ಕುಪ್ಪಸ, ಉಡಿ ಅಂತ ವರ್ಷವಿಡೀ ಕಾಯ್ದುಕೊಂಡು ಬರುವವರು ನಾವು.

ಗುಂಪು ಕಟ್ಟುವುದೇ ಕೆಟ್ಟದ್ದು ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ. ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಘ ಕಟ್ಟಿದರು. ಅದೇ ಇವತ್ತಿನ ಬಿ.ಎಲ್.ಡಿ.ಇ. ಆಗ ನಮ್ಮ ಕಡೆಯ ರೈತರ ಮಕ್ಕಳಿಗೆ ಅಕ್ಷರವೆಂದರೆ ದೂರದ ಮಾತು. ‘ನಮ್ಮ ಸಮಾಜದ ಮಕ್ಕಳು ಓದಲಿ’ ಎಂದು ಕೂಡಿಸಿದ ದುಡ್ಡಿನಿಂದ ಶಾಲೆ ನಿಂತಿತು. ಮುಂದೆ ಆ ಸಂಸ್ಥೆಗಳಲ್ಲಿ ಎಲ್ಲ ಜಾತಿಯ ಮಕ್ಕಳೂ ಓದಿದರು. ನನ್ನ ತಂದೆ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಮ್ಯಾಟ್ರಿಕ್ ಮುಗಿಸಿದವರು. ಆ ಅನ್ನದ ಋಣ ನನ್ನ ಮೇಲೂ ಇದೆ.

ನಮ್ಮದೋ ದೊಡ್ಡ ಸಮಾಜ. ಸಣ್ಣವರ ಗತಿ ಏನು? ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದಾಗ ಅವರ ಸ್ವಂತ ಜಾತಿಯ ಜನ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಅಂಥವರು ಸಣ್ಣಸಣ್ಣ ಜಾತಿಗಳನ್ನೆಲ್ಲ ಒಂದು ಕಡೆ ಕೂಡಿಸಿದರು. ಎಲ್.ಜಿ. ಹಾವನೂರರ ಆಯೋಗ ನೇಮಿಸಿದರು. 1975ರಲ್ಲಿ ಅದರ ವರದಿ ಬಂದಾಗ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟರೆಂದು ನಮ್ಮವರಿಗೆಲ್ಲ ಬಹಳ ಸಿಟ್ಟು ಬಂದಿತ್ತಂತೆ. ನಮ್ಮ ಅತ್ತೆಯವರ ಮನೆಯಲ್ಲಿ ಅರಸರ ಹೆಸರು ಹೇಳುವಂತಿರಲಿಲ್ಲವಂತೆ. ಆದರೆ ಹೂವು ಮಾರುವವರು, ಕ್ಷೌರ ಮಾಡುವವರು, ಹತ್ತಿ ಬಿಡಿಸುವವರು ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಯಾರು ಕೇಳಿಸಿಕೊಳ್ಳುತ್ತಿದ್ದರು? ಕೂಡಿದ್ದಕ್ಕೇ ಅವರ ಮಕ್ಕಳು ಕಚೇರಿಯ ಕುರ್ಚಿಗಳಲ್ಲಿ ಕುಳಿತರು. ಅದು ತಪ್ಪೆಂದು ನಾನು ಹೇಳಲಾರೆ.

ಹತ್ತಿ ಬಿಡಿಸುವವರು ಅಂದೆನಲ್ಲ, ಈಗ ನನ್ನ ಗೆಳತಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ಆಕೆ ನದಾಫರ ಹೆಣ್ಣುಮಗಳು. ಗಂಡ ಹೆಂಡತಿ ಕೂಡಿ ಗಾದಿ ಹೊಲಿಯುತ್ತಾರೆ. ನಮ್ಮ ಅಂಗನವಾಡಿ ಟೀಚರು ಕಟ್ಟಿಸಿದ ಸ್ತ್ರೀಶಕ್ತಿ ಸಂಘದಲ್ಲಿ ನಾವು 16 ಜನ. ಆರೇಳು ಜಾತಿಯವರಿದ್ದೇವೆ, ನಮ್ಮ ಸಮಾಜದವರು ಒಂಬತ್ತು ಮಂದಿ. ವಾರದ ಉಳಿತಾಯ ಕಟ್ಟುವಾಗ ಜಾತಿ ನೆನಪಿಗೆ ಬರುವುದಿಲ್ಲ, ಯಾರು ಕಂತು ತಪ್ಪಿಸಿದರು ಅನ್ನುವುದಷ್ಟೇ ನೆನಪಿರುತ್ತದೆ. ಓದಿದ್ದು ಏಳನೆಯ ಇಯತ್ತೆಯಾದರೂ ಅರ್ಜಿ ಬರೆಯುವುದರಲ್ಲಿ ಆಕೆಯೇ ಮುಂದು. ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಅದೂ ನಟ್ಟಿರುಳಲ್ಲಿ ಬರುತ್ತಿದ್ದ ಕಾಲದಲ್ಲಿ ನಮ್ಮನ್ನೆಲ್ಲ ಖಾಲಿ ಕೊಡ ಹಿಡಿಸಿ ಕಚೇರಿಯ ಮುಂದೆ ಕೂಡ್ರಿಸಿದವಳು ಆಕೆ. ಮೂರೇ ದಿನದಲ್ಲಿ ವಾಲ್ವು ರಿಪೇರಿಯಾಯಿತು.

ಕೆಲವು ವರ್ಷಗಳ ಹಿಂದೆ ಊರಿನ ಚುನಾವಣೆಯಲ್ಲಿ ನಮ್ಮ ವಾರ್ಡು ಸಾಮಾನ್ಯ ಮಹಿಳೆಗೆ ಬಂತು. ಸಂಘದಲ್ಲಿ ಎಲ್ಲರೂ, “ನೀನs ನಿಂದ್ರು ಬೇ, ನಾವು ಅದೀವಿ” ಅಂದೆವು. ನಾನೂ ಅಂದೆ. ಅದನ್ನು ಮರೆತಿಲ್ಲ. ಆಕೆ ಒಂದೇ ಮಾತು ಕೇಳಿದಳು: “ನಮ್ಮವು ಒಂಬತ್ತು ಮನಿ ಅಕ್ಕಾ. ಒಂಬತ್ತು ಮನಿ ಕೂಡಿದ್ರ ಏನ ಆಗತೈತಿ?” ಸಂಘ ಇದೆಯಲ್ಲ ಅಂದೆವು.

ಇತ್ತ ನಮ್ಮ ಹಿರಿಯರು ಗುಡಿಯಲ್ಲಿ ಕೂಡಿದರು. ‘ನಮ್ಮ ಮಂದಿ ಇಷ್ಟು ಓಟು ಇರುವಾಗ ವಾರ್ಡು ಬೇರೆಯವರಿಗೆ ಯಾಕೆ ಬಿಡಬೇಕು’ ಎಂದು ನಮ್ಮವರೊಬ್ಬರ ಹೆಂಡತಿಯನ್ನು ನಿಲ್ಲಿಸಲು ನಿರ್ಣಯವಾಯಿತು. ಆಕೆ ಪಾಪ ಒಳ್ಳೆಯವಳೇ, ಮನೆ ಬಿಟ್ಟು ಹೊರಬಂದವಳಲ್ಲ. ಆಕೆಯನ್ನೂ ಯಾರೂ ಕೇಳಿರಲಿಲ್ಲ. ಕೂಟಕ್ಕೆ ಚಾ ಮಾಡಿ ಕಳಿಸಿದವಳು ನಾನು. ನಿರ್ಣಯ ಗೊತ್ತಾದದ್ದು ಖಾಲಿ ಲೋಟಗಳು ಹಿಂದಿರುಗಿದಾಗ.

ಮರುದಿನ ಗೆಳತಿ ನಾಮಪತ್ರದ ಕಾಗದ ಹಿಡಿದು ಬಂದಳು. ಸೂಚಕರ ಸಹಿ ಬೇಕಿತ್ತು. ನಾನು “ನಮ್ಮ ಮನಿಯವರನ್ನ ಕೇಳಿ ಹೇಳ್ತೀನಿ” ಅಂದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, “ಇರಲಿ ಬಿಡ್ರಿ ಅಕ್ಕಾ” ಅಂದಳು. ಅಲ್ಲಿಯತನಕ ನನಗೆ ‘ರೀ’ ಹಚ್ಚಿ ಮಾತಾಡಿದವಳಲ್ಲ.

ಮತದಾನದ ದಿನ ಆ ರಟ್ಟಿನ ಮರೆಯೊಳಗೆ ನಾನೊಬ್ಬಳೇ. ಗಂಡ ಇಲ್ಲ, ಭಾವನವರಿಲ್ಲ, ಗುಡಿಯ ಹಿರಿಯರಿಲ್ಲ. ಯಾವ ಗುಂಡಿ ಒತ್ತಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಒತ್ತಿದ್ದು ‘ನಮ್ಮವರ’ ಗುಂಡಿಯನ್ನೇ. ಭಾವನವರ ಮಗಳ ಸಂಬಂಧದ ಮಾತು ಆ ಮನೆತನದಲ್ಲಿ ನಡೆದಿತ್ತು, ಅದೇ ತಲೆಯಲ್ಲಿತ್ತು. ಗೆಳತಿ 11 ಓಟಿನಿಂದ ಸೋತಳು. ಆರು ಓಟು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಗೆಲ್ಲುತ್ತಿದ್ದಳು. ಸಂಘದಲ್ಲಿ ನಾವು ಒಂಬತ್ತು ಮಂದಿ ಇದ್ದೆವು ಅಂದೆನಲ್ಲ, ಲೆಕ್ಕ ನೀವೇ ಹಾಕಿ.

ಗೆದ್ದವಳ ಹೆಸರಿನಲ್ಲಿ ಗಂಡ ಓಡಾಡಿದ. ಹೊಸ ಪೈಪು ಗುಡಿಯ ಓಣಿಯವರೆಗೆ ಬಂದು ನಿಂತಿತು. ಗಾದಿಯವರ ಒಂಬತ್ತು ಮನೆಗೂ ಬರಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಭಾವನವರ ಮಗಳ ಸಂಬಂಧವೂ ಕೂಡಿಬರಲಿಲ್ಲ ಅನ್ನುವುದು ಬೇರೆ ಮಾತು.

ಅಂದಿನಿಂದ ಈ ವಿಷಯದ ಪುಸ್ತಕ, ಪೇಪರು ಕಣ್ಣಿಗೆ ಬಿದ್ದರೆ ಬಿಡುವುದಿಲ್ಲ. ಮಗಳ ಪಾಠಪುಸ್ತಕದಲ್ಲಿ ಪೂನಾ ಒಪ್ಪಂದ ಓದಿದೆ. ದಲಿತರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವಂಥ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಅಂಬೇಡ್ಕರರು ಕೇಳಿದ್ದರು. ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕುಳಿತರು. 1932ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಗಿ, ಸ್ಥಾನ ದಲಿತರಿಗೆ ಮೀಸಲು, ಓಟು ಹಾಕುವವರು ಮಾತ್ರ ಎಲ್ಲರೂ ಎಂದಾಯಿತು. ಹಾಗೆ ಗೆದ್ದವರು ತಮ್ಮ ಜನಕ್ಕಿಂತ ಉಳಿದವರ ಮರ್ಜಿ ಹಿಡಿಯಬೇಕಾಗುತ್ತದೆ ಎಂದು ಅಂಬೇಡ್ಕರರು ಮುಂದೆ ಬೇಸರದಿಂದ ಬರೆದರಂತೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ವಾರ್ಡು. ಸ್ಥಾನ ಹೆಣ್ಣಿಗೆ ಮೀಸಲು, ಆ ಹೆಣ್ಣು ಯಾರೆಂದು ಆರಿಸಿದವರು ಗುಡಿಯಲ್ಲಿ ಕೂತವರು.

ಹಾಗಂತ ಮೀಸಲು ಬೇಡ ಅನ್ನಲೇ? ಅದೂ ಆಗದು. ಹೆಗಡೆಯವರ ಸರ್ಕಾರ 1983ರ ಕಾನೂನಿನಲ್ಲಿ ಪಂಚಾಯ್ತಿಗಳಲ್ಲಿ ನಮಗೆ ಶೇಕಡಾ 25 ಇಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. ಆಮೇಲೆ ದೇಶಕ್ಕೆಲ್ಲ ಮೂರನೆಯ ಒಂದು ಪಾಲಾಯಿತು, 2010ರಲ್ಲಿ ನಮ್ಮ ರಾಜ್ಯದಲ್ಲಿ ಅರ್ಧವಾಯಿತು. ಮೀಸಲು ಇಲ್ಲದಿದ್ದರೆ ನಮ್ಮ ಗೆಳತಿಗೆ ನಿಲ್ಲುವ ಯೋಚನೆಯೇ ಬರುತ್ತಿರಲಿಲ್ಲ.

ಮೀಸಲಾತಿಯ ಇನ್ನೊಂದು ಮುಖವನ್ನೂ ನಮ್ಮ ಜಿಲ್ಲೆಯಲ್ಲೇ ನೋಡಬಹುದು. 2009ರ ಚುನಾವಣೆಯಿಂದ ನಮ್ಮ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಲಿಂಗಾಯತರಿಗಾಗಲಿ, ಕುರುಬರಿಗಾಗಲಿ, ಮುಸಲ್ಮಾನರಿಗಾಗಲಿ ‘ನಮ್ಮ ಜಾತಿಯವನಿಗೆ’ ಅನ್ನುವ ಅವಕಾಶವೇ ಇಲ್ಲ. ಆದರೂ ಎಲ್ಲರೂ ಹೋಗಿ ಓಟು ಹಾಕಿ ಬರುತ್ತೇವೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಅದೇ ಜನ ವಿಧಾನಸಭೆ ಬಂದ ಕೂಡಲೇ ಮತ್ತೆ ಬೆರಳು ಮಡಚಿ ಮನೆ ಎಣಿಸುತ್ತಾರೆ. ಹಿಂದೆ ಹೀಗಿರಲಿಲ್ಲವೇನೋ. ಏಕೀಕರಣದ ನಂತರದ ಮೊದಲ ವರ್ಷಗಳಲ್ಲಿ ಬಸವನ ಬಾಗೇವಾಡಿಯಿಂದ ಶಾಸಕಿಯಾಗಿದ್ದವರು ಸುಶೀಲಾಬಾಯಿ ಹೀರಾಚಂದ ಶಹಾ. ಹೆಸರು ಕೇಳಿದರೇ ಗೊತ್ತಾಗುತ್ತದೆ, ಊರಿನ ದೊಡ್ಡ ಸಮಾಜಗಳವರಲ್ಲ. ಬಸವಣ್ಣನವರು ಹುಟ್ಟಿದ ಊರಿನವರು ಅಂಥ ಹೆಣ್ಣುಮಗಳನ್ನು ಆರಿಸಿ ಕಳಿಸಿದ್ದರು. ಮುದ್ದೇಬಿಹಾಳದಲ್ಲಿ 1994ರಲ್ಲಿ ವಿಮಲಾಬಾಯಿ ದೇಶಮುಖರು ಗೆದ್ದರು. ಈ ಎರಡು ಹೆಸರು ಹೇಳಿದ ಮೇಲೆ ನಾನು ಬಹಳ ಹೊತ್ತು ಯೋಚಿಸಬೇಕಾಗುತ್ತದೆ.

ಓಟುಗಳನ್ನು ಚೀಲದಲ್ಲಿ ತುಂಬಿ ತೂಗಿ ಕೊಡಬಹುದು ಅಂತ ಮುಖಂಡರು ತಿಳಿದಿರುತ್ತಾರೆ. ಅದೂ ಎಲ್ಲ ಸಲ ನಿಜವಲ್ಲ. 2018ರ ಮಾರ್ಚ್‌ನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮಕ್ಕೆ ರಾಜ್ಯ ಸರ್ಕಾರ ಶಿಫಾರಸು ಮಾಡಿತು. ಮೇ ತಿಂಗಳಲ್ಲಿ ಚುನಾವಣೆ. 2013ರಲ್ಲಿ 122 ಸ್ಥಾನ ಗೆದ್ದಿದ್ದ ಆಳುವ ಪಕ್ಷ 80ರ ಆಸುಪಾಸಿಗೆ ಇಳಿಯಿತು. ಆ ಹೋರಾಟದಲ್ಲಿ ಮುಂದಿದ್ದ ನಮ್ಮ ಜಿಲ್ಲೆಯ ಎಂ.ಬಿ. ಪಾಟೀಲರು ಬಬಲೇಶ್ವರದಲ್ಲಿ ಗೆದ್ದರು, ಧಾರವಾಡದಲ್ಲಿ ವಿನಯ ಕುಲಕರ್ಣಿಯವರು ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ‘ಸಮಾಜ ಒಟ್ಟಿಗೆ ಬರುತ್ತದೆ’ ಅನ್ನುವ ಲೆಕ್ಕ ಮಾತ್ರ ತಪ್ಪಿತ್ತು. ಧರ್ಮ ಯಾವುದೆಂದು ನಮ್ಮ ಮನೆಯಲ್ಲೇ ಮೂರು ಉತ್ತರ ಇದ್ದಾವಲ್ಲ!

ಇನ್ನು ಪಂಚಮಸಾಲಿಗಳ ಮೀಸಲಾತಿ. ನಾವೂ ಪಂಚಮಸಾಲಿಗಳೇ, ಮುಚ್ಚುಮರೆ ಯಾಕೆ? ಈಗಿರುವುದು 3ಬಿ ಪ್ರವರ್ಗ, ಅದಕ್ಕೆ ಶೇಕಡಾ 5. ಕೇಳುತ್ತಿರುವುದು 2ಎ, ಅದಕ್ಕೆ ಶೇಕಡಾ 15. 2021ರ ಜನವರಿಯಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ ಅಕ್ಕನ ಊರಿನಿಂದ ರೊಟ್ಟಿ ಬುತ್ತಿ ಹೋಯಿತು. ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಬಡಿದು ಕಟ್ಟಿ ಕೊಟ್ಟರು. ವೇದಿಕೆಯ ಮೇಲೆ ಯಾರು ಏನು ಹೇಳಿದರು ಅನ್ನುವುದೆಲ್ಲ ಪೇಪರಿನಲ್ಲಿ ಬಂತು. ರೊಟ್ಟಿ ಬಡಿದವರ ಕೈ ಕಾಣಲಿಲ್ಲ.

2ಎ ಸಿಕ್ಕರೆ ನನ್ನ ಮಗಳಿಗೆ ಅನುಕೂಲ, ಸುಳ್ಳು ಹೇಳಲಾರೆ. ಹೊಲ ನಂಬಿ ಬದುಕುವ ನಮ್ಮಂಥವರಿಗೆ ಕಾಲೇಜಿನ ಒಂದು ಸೀಟು ಅಂದರೆ ಸಣ್ಣ ಮಾತಲ್ಲ. ಆದರೆ ಆ ಹದಿನೈದರಲ್ಲಿ ಈಗಾಗಲೇ ನೂರರಷ್ಟು ಸಣ್ಣಸಣ್ಣ ಜಾತಿಗಳಿವೆ. ನಮ್ಮಷ್ಟು ದೊಡ್ಡ ಸಮಾಜ ಅದರೊಳಗೆ ಕೂತರೆ ಅವರು ಎಲ್ಲಿಗೆ ಸರಿಯಬೇಕು? ಮಗಳ ಮುಖ ನೋಡಿದಾಗ ಒಂದು ಉತ್ತರ ಹೊಳೆಯುತ್ತದೆ, ಓಣಿಯಲ್ಲಿ ನಡೆದು ಹೋಗುವಾಗ ಇನ್ನೊಂದು. ಇವತ್ತಿಗೂ ನನಗೆ ಬಗೆಹರಿದಿಲ್ಲ. ನಿಮ್ಮಲ್ಲಿ ಯಾರಿಗಾದರೂ ಬಗೆಹರಿದಿದ್ದರೆ ಪತ್ರ ಬರೆಯಿರಿ.

ಜಾತಿ ಬಿಟ್ಟು ಬೇರೆ ರೀತಿಯಲ್ಲಿ ಕೂಡಲಿಕ್ಕೆ ಆಗುವುದಿಲ್ಲವೇ ಅಂತ ಕೇಳಬಹುದು. ಆಗುತ್ತದೆ. ನಾರಾಯಣಪುರ ಎಡದಂಡೆಯಿಂದ ಬರುವ ಇಂಡಿ ಶಾಖಾ ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟದಿದ್ದಾಗ ಸಿಂದಗಿ, ಇಂಡಿ ಕಡೆಯ ರೈತರೆಲ್ಲ ಒಟ್ಟಿಗೆ ರಸ್ತೆಗೆ ಬರುತ್ತಾರೆ. ಆಲಮಟ್ಟಿಗೆ ಶಾಸ್ತ್ರಿಗಳು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಮೇಲೆ ಹೊಳೆದಂಡೆಯ ಹೊಲ, ಮನೆ, ಗುಡಿ, ದರ್ಗಾ ಎಲ್ಲ ಮುಳುಗಿದಾಗ ‘ಮುಳುಗಡೆಯವರು’ ಅನ್ನುವ ಹೊಸ ಕುಲವೇ ಹುಟ್ಟಿತು. ಪರಿಹಾರದ ಕಚೇರಿಯ ಸಾಲಿನಲ್ಲಿ ಎಲ್ಲರಿಗೂ ಅದೇ ಬಿಸಿಲು. ಆದರೆ ಇಂಥ ಕೂಟಗಳ ಆಯುಷ್ಯ ಕಡಿಮೆ. ಕಾಲುವೆಗೆ ನೀರು ಬಿಟ್ಟ ಮರುದಿನ ಎಲ್ಲರೂ ಅವರವರ ಮನೆಗೆ. ಅವರ ನಡುವೆ ಕುಬಸವಿಲ್ಲ, ಬೀಗತನವಿಲ್ಲ, ಮಣ್ಣಿಗೆ ಬರುವ ಕಟ್ಟಳೆಯಿಲ್ಲ. ಖಾಲಿ ಕೊಡ ಹಿಡಿದು ಕೂತ ನಮ್ಮ 16 ಜನರ ಸಂಘ ಒಂದೇ ಚುನಾವಣೆಗೆ ಸೀಳಿದ್ದೂ ಹೀಗೆಯೇ.

ನನ್ನ ಅನಿಸಿಕೆ ಇಷ್ಟು. ಸಮಾಜವಾಗಿ ಕೂಡಿ ಶಾಲೆ ಕೇಳಲಿ, ಹಾಸ್ಟೆಲು ಕೇಳಲಿ, ಪಾಲು ಕೇಳಲಿ, ಅದು ಸರಿ. ಸಣ್ಣವರಿಗಂತೂ ಅದಿಲ್ಲದೆ ದಾರಿಯೇ ಇಲ್ಲ. ಆದರೆ ಯಾರಿಗೆ ಓಟು ಹಾಕಬೇಕೆಂದು ಹೇಳುವ ಅಧಿಕಾರವನ್ನು ನಾನು ಸಮಾಜಕ್ಕೆ ಕೊಟ್ಟದ್ದು ಯಾವಾಗ? ಬೀಗರ ಸಂಗಡ ನನ್ನ ಓಟನ್ನೂ ಕೊಟ್ಟು ಕಳಿಸಿದೆನೇ?

ಮೊನ್ನೆ ಗುಡಿಯಲ್ಲಿ ಮತ್ತೆ ಕೂಟವಿತ್ತು. ಜಾತ್ರೆಯ ವಿಷಯ ಅಂತ ಹೆಸರು, ಮಾತೆಲ್ಲ ಮುಂದಿನ ಚುನಾವಣೆಯದು. ಎಂದಿನಂತೆ ನಮ್ಮ ಮನೆಗೆ 20 ಚಾ ಹೇಳಿ ಕಳಿಸಿದರು. ಮಾಡಿದೆ. ಹುಡುಗನ ಕೈಗೆ ಕೊಡದೆ ನಾನೇ ಕಿಟ್ಲಿ ಹಿಡಿದು ಹೋದೆ, ಎಲ್ಲರಿಗೂ ಕೊಟ್ಟೆ. ಆಮೇಲೆ ಕಂಬದ ಹತ್ತಿರ ಕೂತುಬಿಟ್ಟೆ. ಭಾವನವರು ಎರಡು ಸಲ ಈ ಕಡೆ ನೋಡಿದರು. ಏಳು ಅಂತ ಯಾರೂ ಅನ್ನಲಿಲ್ಲ, ನಿನ್ನ ಅಭಿಪ್ರಾಯವೇನು ಅಂತಲೂ ಯಾರೂ ಕೇಳಲಿಲ್ಲ. ಕೊನೆಯವರೆಗೂ ಕೂತು, ಲೋಟ ಎಣಿಸಿಕೊಂಡು ಎದ್ದೆ.

ದಾರಿಯಲ್ಲಿ ಗೆಳತಿ ಕಟ್ಟೆಯ ಮೇಲೆ ಗಾದಿಗೆ ದಬ್ಬಣ ಹಾಕುತ್ತಿದ್ದಳು. “ಎಲ್ಲಿಗೆ ಹೋಗಿದ್ರಿ ಅಕ್ಕಾ, ಕಿಟ್ಲಿ ಹಿಡಕೊಂಡು?” ಅಂತ ಕೇಳಿದಳು. ಹೇಳಿದೆ. ದಾರ ಕಚ್ಚಿ ತುಂಡು ಮಾಡಿ, “ಸಂಜೀಕ ನೀರು ಬರ್ತಾವಂತ, ಕೊಡ ತುಂಬಿಸಿಟ್ಕೋ” ಅಂದಳು.